ರಸ್ತೆ ಏರಿತು, ಅಂಗಡಿ ಇಳಿಯಿತು

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಈ ಸಲ ಕಾಸರಗೋಡು ಪೇಟೆ

ಕಾಸರಗೋಡಿನ ಹಳೆ ಬಸ್‌ ನಿಲ್ದಾಣ, ಎಂ.ಜಿ. ರಸ್ತೆ ಮತ್ತು ಸುತ್ತಲಿನ ಬೀದಿಗಳು ಕಾಲಕಾಲಕ್ಕೆ ಹೇಗೆ ಬದಲಾದವು ಎಂಬ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಕಟ್ಟಡ ದುರಸ್ತಿ, ಭೂದಾಖಲೆ, ಬೋರ್ಡು ಬರಹ ಈ ಮೂರು ಕೆಲಸಗಳನ್ನು ಬಲ್ಲವರು ಉತ್ತರ ಬರೆದಿದ್ದಾರೆ.

*

ಪ್ರಶ್ನೆ: ಹಳೆ ಬಸ್‌ ನಿಲ್ದಾಣದ ಪರಿಸರದ ಕಪ್ಪು ಬಿಳುಪು ಫೋಟೋ ಒಂದು ಮನೆಯಲ್ಲಿ ಸಿಕ್ಕಿದೆ. ಅಂಗಡಿ ಬೋರ್ಡುಗಳು, ಒಂದು ಲಾರಿ, ನಾಲ್ಕೈದು ಸೈಕಲು ಕಾಣುತ್ತವೆ. ಹಿಂಬದಿಯಲ್ಲಿ ತಾರೀಕಿಲ್ಲ. ಯಾವ ಕಾಲದ್ದೆಂದು ತಿಳಿಯುವುದು ಹೇಗೆ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ಅದನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ಮೊಬೈಲಿನಲ್ಲಿ ತೆಗೆದ ನಕಲಿನಲ್ಲಿ ಬೋರ್ಡಿನ ಕೆಳಸಾಲಿನ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ. ನಿಮಗೆ ಬೇಕಾದದ್ದು ಅಂಗಡಿಯ ಹೆಸರಲ್ಲ, ಆ ಕೆಳಸಾಲು. ವಿಳಾಸ, ಜಿಲ್ಲೆ, ಪಿನ್‌, ಫೋನು ಎಲ್ಲ ಇರುವುದು ಅಲ್ಲಿ.

ಜಿಲ್ಲೆಯ ಹೆಸರು ಎಲ್ಲಕ್ಕಿಂತ ಒಳ್ಳೆಯ ಕುರುಹು. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಬೋರ್ಡುಗಳಲ್ಲಿ ‘ಸೌತ್ ಕೆನರಾ’ ಅಥವಾ ‘ದ.ಕ.’ ಎಂದಿರುತ್ತಿತ್ತು. ಆ ದಿನ ಕೇರಳಕ್ಕೆ ಸೇರಿ ಮಲಬಾರ್ ಜಿಲ್ಲೆಯ ಭಾಗವಾಯಿತು. ಎರಡೇ ತಿಂಗಳಲ್ಲಿ, 1957ರ ಜನವರಿ 1ಕ್ಕೆ ಮಲಬಾರ್ ಒಡೆದು ಕಣ್ಣೂರು ಜಿಲ್ಲೆಯಾಯಿತು. ಆ ಎರಡು ತಿಂಗಳಿಗಾಗಿ ಯಾರೂ ಬೋರ್ಡು ಬರೆಸಿರಲಿಕ್ಕಿಲ್ಲ. ಕಣ್ಣೂರಿನ ಹಳೆ ಹೆಸರಿನಲ್ಲಿ ‘ಕಣ್ಣನೂರು ಜಿಲ್ಲೆ’ ಎಂದಿದ್ದರೆ ಆ ಬೋರ್ಡು 1957 ಮತ್ತು 1984ರ ನಡುವಿನದು. 1984ರ ಮೇ 24ಕ್ಕೆ ಕಾಸರಗೋಡು ತಾನೇ ಜಿಲ್ಲೆಯಾಯಿತು.

ಪಿನ್‌ ಕೋಡ್ 671121 ಕಂಡರೆ 1972ರ ಆಗಸ್ಟ್ 15ರ ನಂತರದ್ದು. ಹೋಟೆಲಿನ ದರಪಟ್ಟಿ ಚಿತ್ರದಲ್ಲಿ ಬಿದ್ದಿದ್ದರೆ ನಿಮ್ಮ ಅದೃಷ್ಟ. ಆಣೆ ಲೆಕ್ಕ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್ 1ಕ್ಕೆ ಮೊದಲು. ‘ನ.ಪೈ.’, ಅಂದರೆ ನಯಾ ಪೈಸೆ ಎಂದಿದ್ದರೆ 1957 ಏಪ್ರಿಲ್‌ನಿಂದ 1964 ಮೇ ತನಕದ ಏಳು ವರ್ಷಗಳ ಕಿಟಕಿ. ಆಮೇಲೆ ‘ನಯಾ’ ಬಿದ್ದುಹೋಗಿ ಬರೇ ಪೈಸೆ ಉಳಿಯಿತು. ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಆಮೇಲೆಯೂ ಬಹಳ ಕಾಲ ಇದ್ದವು, ಆದರೆ ದರಪಟ್ಟಿ ಬರೆಯುವವನು ಹೊಸ ಲೆಕ್ಕವನ್ನೇ ಬರೆಯಬೇಕಾಗಿತ್ತು.

ಮಲಯಾಳ ಓದಲು ಬಾರದವರೂ ಬಳಸಬಹುದಾದ ಕುರುಹೊಂದುಂಟು. 1971ರ ಏಪ್ರಿಲ್‌ನಲ್ಲಿ ಮಲಯಾಳ ಲಿಪಿ ಸುಧಾರಣೆ ಜಾರಿಗೆ ಬಂತು. ಅದಕ್ಕೆ ಮೊದಲು ‘ಕು’, ‘ತು’, ‘ರು’ ಮೊದಲಾದ ಅಕ್ಷರಗಳಲ್ಲಿ ಉಕಾರವು ವ್ಯಂಜನದ ಮೈಗೇ ಅಂಟಿಕೊಂಡು ಬೇರೆಯೇ ಆಕಾರ ತಾಳುತ್ತಿತ್ತು. ಆಮೇಲೆ ಉಕಾರ ಬಿಡಿಯಾಗಿ ಪಕ್ಕದಲ್ಲಿ ನಿಂತಿತು. ಬಿಡಿ ಉಕಾರವಿದ್ದರೆ ಅದು 1971ರ ನಂತರದ ಬರಹ ಎನ್ನಬಹುದು. ಅಂಟಿದ ಉಕಾರವಿದ್ದರೆ ಮಾತ್ರ ಏನೂ ಹೇಳಲಾಗದು. ಕುಂಚ ಹಿಡಿದು ಬೋರ್ಡು ಬರೆಯುವವರು ಸರಕಾರದ ಆಜ್ಞೆ ಬಂತೆಂದು ಕೈತಿರುವು ಬದಲಿಸಿದವರಲ್ಲ.

ಲಾರಿಯ ನಂಬರು ಪ್ಲೇಟು ನೋಡಿ. ‘ಕೆಎಲ್-14’ ಎಂಬ ಜಿಲ್ಲಾ ಅಂಕಿ ಬಂದದ್ದು 1989ರ ಜುಲೈಯಲ್ಲಿ. ಅದಕ್ಕೆ ಮೊದಲು ಜಿಲ್ಲಾ ಅಂಕಿಯ ಬದಲು ಅಕ್ಷರವೇ ಇರುತ್ತಿತ್ತು.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಬೋರ್ಡಿನ ಕಾಲವನ್ನು ಫೋಟೋದ ಕಾಲವೆಂದು ತಿಳಿಯುವುದು. ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಬರೆದ ಬೋರ್ಡು ಮಾಡಿನ (ಛಾವಣಿಯ) ನೆರಳಿನಲ್ಲಿದ್ದರೆ ಇಪ್ಪತ್ತು ಮೂವತ್ತು ವರ್ಷ ಆರಾಮವಾಗಿ ತೂಗುತ್ತದೆ. ‘ಸೌತ್ ಕೆನರಾ’ ಬೋರ್ಡಿನ ಕೆಳಗೆ ಕೆಎಲ್-14 ಸ್ಕೂಟರು ನಿಂತಿದ್ದರೆ ಬೋರ್ಡು ಐವತ್ತಾರಕ್ಕೆ ಹಿಂದಿನದು, ಫೋಟೋ ಎಂಬತ್ತೊಂಬತ್ತರ ಬಳಿಕದ್ದು, ಎರಡೂ ನಿಜ. ಆದ್ದರಿಂದ ಚಿತ್ರದಲ್ಲಿರುವ ಅತ್ಯಂತ ಹೊಸ ವಸ್ತುವನ್ನು ಹುಡುಕಿ. ಫೋಟೋ ಅದಕ್ಕಿಂತ ಹಿಂದಿನದಾಗಲಾರದು. ಆಮೇಲೆ, ಇರಬೇಕಾಗಿದ್ದೂ ಇಲ್ಲದ ವಸ್ತು ಯಾವುದೆಂದು ಕೇಳಿಕೊಳ್ಳಿ: ಎಸ್.ಟಿ.ಡಿ. ಬೂತಿನ ಹಳದಿ ಬೋರ್ಡು, ಮನೆಮಾಡಿನ ಮೇಲೆ ಟಿ.ವಿ. ಆಂಟೆನಾ, ಫ್ಲೆಕ್ಸು. ಈ ಎರಡನೆಯ ಲೆಕ್ಕ ಅಂದಾಜು ಮಾತ್ರ, ಮೊದಲನೆಯದು ಗಟ್ಟಿ.

ಬೋರ್ಡಿನ ಬದಲು ಅಂಗಡಿಯ ಬಿಲ್ಲು ಸಿಕ್ಕಿದರೆ ಇನ್ನೂ ಸುಲಭ. ಕೆ.ಜಿ.ಎಸ್.ಟಿ., ಅಂದರೆ ಕೇರಳ ಸಾಮಾನ್ಯ ಮಾರಾಟ ತೆರಿಗೆಯ ನಂಬರಿದ್ದರೆ 1963ರ ಕಾಯ್ದೆಯ ಬಳಿಕ, ವ್ಯಾಟ್‌ನ ಟಿನ್ ನಂಬರಿದ್ದರೆ 2005ರ ಏಪ್ರಿಲ್ ಬಳಿಕ, 32ರಿಂದ ಶುರುವಾಗುವ 15 ಅಕ್ಷರಾಂಕಗಳ ಜಿ.ಎಸ್.ಟಿ. ನಂಬರಿದ್ದರೆ 2017ರ ಜುಲೈ ಬಳಿಕ. ಮಂಗಳೂರಿನ ಬಿಲ್ಲಾದರೆ ಅದು 29ರಿಂದ ಶುರುವಾಗುತ್ತದೆ.

*

ಪ್ರಶ್ನೆ: ನಮ್ಮ ಅಂಗಡಿಗೆ ಮೊದಲು ಎರಡು ಮೆಟ್ಟಲು ಹತ್ತಿ ಹೋಗಬೇಕಿತ್ತಂತೆ. ಈಗ ರಸ್ತೆಯಿಂದ ಕೆಳಗೆ ಇಳಿಯಬೇಕು. ಜೋರು ಮಳೆಗೆ ನೀರು ಒಳಗೆ ಬರುತ್ತದೆ, ಗೋಡೆ ಸೊಂಟದೆತ್ತರಕ್ಕೆ ಒದ್ದೆ. ಕಟ್ಟಡ ಕುಸಿಯುತ್ತಿದೆಯೇ?
– ಓದುಗರು, ಕಾಸರಗೋಡು

ಉತ್ತರ: ಗೋಡೆಯಲ್ಲಿ ಓರೆ ಬಿರುಕಿಲ್ಲದಿದ್ದರೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳದಿದ್ದರೆ ಕಟ್ಟಡ ಕುಸಿದಿಲ್ಲ. ಮೇಲೆ ಬಂದದ್ದು ರಸ್ತೆ. ಹಳೆ ಡಾಮರಿನ ಮೇಲೆಯೇ ಹೊಸದು ಹಾಸಿದರೆ ಒಂದು ಸಲಕ್ಕೆ 3ರಿಂದ 4 ಸೆಂ.ಮೀ. ಏರುತ್ತದೆ, ಕೆಳಪದರವನ್ನೂ ಹೊಸತಾಗಿ ಹಾಕಿದರೆ ಇನ್ನೊಂದು 5 ಸೆಂ.ಮೀ. ಸೇರುತ್ತದೆ. ಆರು ಸಲ ಬರೇ ಮೇಲ್ಪದರ ಹಾಸಿದರೂ 24 ಸೆಂ.ಮೀ. ತನಕ, ಹೆಚ್ಚುಕಡಮೆ ಒಂಬತ್ತೂವರೆ ಇಂಚು. ನಿಮ್ಮ ಎರಡು ಮೆಟ್ಟಲು ಹೋದದ್ದು ಅಲ್ಲಿಗೆ. ಜಗಲಿಯ ಮುಂದಿನ ಚಪ್ಪಡಿಯ ಬದಿಯಲ್ಲಿ ಒಂದಡಿ ಅಗೆದರೆ ಆ ಮೆಟ್ಟಲು ಈಗಲೂ ಕಾಣಲಿಕ್ಕೆ ಸಿಗುತ್ತದೆ.

ಎಷ್ಟು ಏರಿದೆ ಎಂದು ಮೊದಲು ಅಳೆಯಿರಿ. ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಒಂದು ತುದಿ ರಸ್ತೆಯ ನಡುವಿನಲ್ಲಿ, ಇನ್ನೊಂದು ಅಂಗಡಿಯ ಒಳನೆಲದಲ್ಲಿ ಹಿಡಿದರೆ ಸಾಕು. ಗಾಳಿಗುಳ್ಳೆ ಇರಬಾರದು, ಇದ್ದರೆ ಅಳತೆ ಸುಳ್ಳು. ರಸ್ತೆಯ ನಡು ಅದರ ಅಂಚಿಗಿಂತ ಎತ್ತರ ಇರುತ್ತದೆ. ಮೀಟರಿಗೆ ಎರಡು ಎರಡೂವರೆ ಸೆಂ.ಮೀ. ಇಳಿಜಾರು ಎಂದರೆ ಮೂರೂವರೆ ಮೀಟರಿನ ಅರ್ಧರಸ್ತೆಗೆ 7ರಿಂದ 9 ಸೆಂ.ಮೀ. ಆ ಇಳಿಜಾರಿನ ನೀರೆಲ್ಲ ನಿಮ್ಮ ಬಾಗಿಲ ಕಡೆಗೇ ಬರುವುದು. ನಡುವೆ ಚರಂಡಿ ಇದೆಯಲ್ಲ ಎನ್ನಬಹುದು. ಚರಂಡಿಯ ಚಪ್ಪಡಿಯ ತೂತುಗಳು ಪ್ಲಾಸ್ಟಿಕ್ಕು, ಎಲೆಗಳಿಂದ ಮುಚ್ಚಿದ್ದರೆ, ಇಲ್ಲವೇ ಬೈಕು ಹತ್ತಿಸಲೆಂದು ಅದರ ಮೇಲೆಯೇ ಸಿಮೆಂಟು ಇಳಿಜಾರು ಮಾಡಿದ್ದರೆ ನೀರು ಚರಂಡಿಯನ್ನು ದಾಟಿ ಒಳಗೆ ಬರುತ್ತದೆ. ಅಂಥ ಇಳಿಜಾರು ಕಟ್ಟಿಸುವವರು ಹೆಚ್ಚಾಗಿ ಅಂಗಡಿಯವರೇ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಇದು ತಾನೇ ತೋಡಿದ ಗುಂಡಿ.

ನಿಮ್ಮ ಜಾಗದೊಳಗೆ ಮಾಡಬಹುದಾದದ್ದು: ಬಾಗಿಲಿನ ಉದ್ದಕ್ಕೂ 15 ಸೆಂ.ಮೀ. ಅಗಲದ ಅಡ್ಡಕಾಲುವೆ, ಮೇಲೆ ಎತ್ತಿ ತೆಗೆಯುವಂಥ ಕಬ್ಬಿಣದ ಜಾಲರಿ. ಇಳಿಜಾರು ನೂರಕ್ಕೆ ಒಂದು, ಅಂದರೆ ಮೂರು ಮೀಟರಿಗೆ 3 ಸೆಂ.ಮೀ. ಕೊನೆಯಲ್ಲಿ ಒಂದೂವರೆ ಅಡಿ ಚೌಕದ ಹೂಳುಗುಂಡಿ. ಜಾಲರಿಯನ್ನು ಸಿಮೆಂಟಿನಲ್ಲಿ ಹೂತುಬಿಟ್ಟರೆ ಎರಡನೇ ಮಳೆಗಾಲಕ್ಕೆ ಕಾಲುವೆ ಮಣ್ಣು ತುಂಬಿ ಸತ್ತಂತೆ. ಇನ್ನೊಂದು, ಹೊರಹೋಗುವ ಪೈಪು ನಗರಸಭೆಯ ಚರಂಡಿಯಲ್ಲಿ ಮಳೆಗಾಲದ ನೀರು ನಿಲ್ಲುವ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ಚರಂಡಿಯೇ ಅಂಗಡಿಗೆ ಹರಿಯುತ್ತದೆ. ಆಗ ಒಂದೇ ದಿಕ್ಕಿಗೆ ತೆರೆಯುವ ಮುಚ್ಚಳ ಹಾಕಿಸಬೇಕು. ಒಳನೆಲ ಎತ್ತರಿಸುವುದಾದರೆ ಬಾಗಿಲಿನ ಎತ್ತರ ನೋಡಿಕೊಳ್ಳಿ. ಏಳಡಿ ಬಾಗಿಲಿಗೆ ಒಂದಡಿ ತುಂಬಿಸಿದರೆ ಉಳಿಯುವುದು ಆರಡಿ. ತುಂಬಲು ಮುರಮಣ್ಣು ಒಳ್ಳೆಯದು, 15 ಸೆಂ.ಮೀ. ಹಾಕಿ ನೀರು ಚಿಮುಕಿಸಿ ದಮ್ಮಸು ಹೊಡೆದು ಮುಂದಿನ ಪದರ. ಕಡಲ ಮರಳು ಬೇಡ, ಅದರ ಉಪ್ಪು ಗೋಡೆಗೆ ಏರುತ್ತದೆ.

ಗೋಡೆಯ ತೇವ ಬೇರೆ ಸಮಸ್ಯೆ. ಮುರಕಲ್ಲು, ಅಂದರೆ ಜಂಬಿಟ್ಟಿಗೆ, ನೀರು ಕುಡಿಯುವ ಕಲ್ಲು. ಹಿಂದೆ ಅಡಿಪಾಯದ ಕಲ್ಲು ರಸ್ತೆಗಿಂತ ಮೇಲಿತ್ತು, ಕುಡಿದ ನೀರು ಸುಣ್ಣದ ಗಾರೆಯ ಮೂಲಕ ಗಾಳಿಗೆ ಆರಿಹೋಗುತ್ತಿತ್ತು. ಈಗ ಅದೇ ಕಲ್ಲು ಮಣ್ಣಿನೊಳಗಿದೆ. ಮೇಲಿಂದ ಸಿಮೆಂಟು ಗಾರೆ ಬಳಿದಿರುತ್ತಾರೆ. ನೀರಿಗೆ ಹೊರಹೋಗಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಮೊಣಕಾಲೆತ್ತರ ಇದ್ದ ಒದ್ದೆ ಸೊಂಟಕ್ಕೆ ಬರುವುದು ಹಾಗೆ. ಆಮೇಲೆ ಉಪ್ಪು ಬಿಳಿ ಪುಡಿಯಾಗಿ ಮೂಡಿ, ಸಿಮೆಂಟು ಹಪ್ಪಳದಂತೆ ಎದ್ದು, ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಅದರ ಮೇಲೆ ‘ವಾಟರ್‌ಪ್ರೂಫ್’ ಬಣ್ಣ ಹೊಡೆಸುವುದೆಂದರೆ ದುಡ್ಡು ಕೊಟ್ಟು ರೋಗ ಸಾಕಿದಂತೆ.

ಒದ್ದೆಯ ಗುರುತಿನಿಂದ ಒಂದಡಿ ಮೇಲಿನ ತನಕ ಸಿಮೆಂಟು ಕಿತ್ತು ತೆಗೆಯಿರಿ. ಸಂದುಗಳನ್ನು ಒಂದಿಂಚು ಆಳಕ್ಕೆ ಕೆರೆದು, ಒಣ ಬ್ರಶ್ಶಿನಿಂದ ಉಪ್ಪು ಉಜ್ಜಿ, ಬಿದ್ದ ಪುಡಿಯನ್ನು ಹೊರಗೆ ಹಾಕಿ. ನೀರಿನಿಂದ ತೊಳೆದರೆ ಉಪ್ಪು ಪುನಃ ಒಳಗೇ ಹೋಗುತ್ತದೆ. ಒಂದು ಬೇಸಗೆ ಗೋಡೆಯನ್ನು ಹಾಗೇ ಬರಿಮೈಯಲ್ಲಿ ಬಿಡುವುದು ಒಳ್ಳೆಯದು, ಅಂಗಡಿಯವರು ಒಪ್ಪುವುದು ಕಷ್ಟ. ಆಮೇಲೆ ಕನಿಷ್ಠ ಒಂದು ವಾರ ನೀರಿನಲ್ಲಿ ಕಳಿತ ಚಿಪ್ಪಿನ ಸುಣ್ಣ ಒಂದು ಪಾಲು, ಜರಡಿ ಹಿಡಿದ ಹೊಳೆಮರಳು ಮೂರು ಪಾಲು. ಒಂದು ಕೈಗೆ 10–12 ಮಿ.ಮೀ.ಗಿಂತ ದಪ್ಪ ಬೇಡ, ದಪ್ಪ ಬಳಿದರೆ ಮೇಲ್ಮೈ ಒಣಗಿ ಬಿರಿಯುತ್ತದೆ. ಒದ್ದೆ ಗೋಣಿ ತೂಗಿಸಿ ಏಳು ದಿನ ಹಸಿ ಇಡಬೇಕು. ಮೇಲೆ ಸುಣ್ಣದ ನೀರು ಮಾತ್ರ, ಪ್ಲಾಸ್ಟಿಕ್ ಪೇಂಟು ಹೊಡೆಯಬಾರದು. ದೀಪಾವಳಿಯ ನಂತರ ಫೆಬ್ರವರಿ ತನಕ ಇದಕ್ಕೆ ಸಕಾಲ. ಎಪ್ರಿಲ್ ಬಿಸಿಲಿಗೆ ಗಾರೆ ಹಸಿ ನಿಲ್ಲುವುದಿಲ್ಲ.

ರಸ್ತೆ ಇನ್ನೂ ಏರದಂತೆ ತಡೆಯಬೇಕಾದರೆ ಹಳೆ ಪದರವನ್ನು ಯಂತ್ರದಿಂದ ಕೆರೆದು ತೆಗೆದೇ ಹೊಸದು ಹಾಸಬೇಕು. ಅದಕ್ಕಾಗಿ ಅರ್ಜಿ ಕೊಡಬೇಕಾದದ್ದು ಎಸ್ಟಿಮೇಟು ತಯಾರಾಗುವ ಮೊದಲು. ಡಾಮರಿನ ಲಾರಿ ಬಂದು ನಿಂತ ಮೇಲೆ ಗುತ್ತಿಗೆದಾರರಲ್ಲಿ ಜಗಳಾಡಿದರೆ ಅವರು ತಮ್ಮ ಕಾಗದ ತೋರಿಸುತ್ತಾರೆ, ಅದರಲ್ಲಿ ಕೆರೆಯುವ ಐಟಮು ಇರುವುದಿಲ್ಲ. ಅಷ್ಟೇ.

*

ಪ್ರಶ್ನೆ: ಹೊರಗಿನಿಂದ ಕಂಡರೆ ಹೊಳೆಯುವ ಹೊಸ ಅಂಗಡಿ, ಒಳಗೆ ಹೋದರೆ ಹಂಚಿನ ಮಾಡು, ಮುರಕಲ್ಲಿನ ಗೋಡೆ. ಹಳೆಯದನ್ನು ಕೆಡವಿ ಹೊಸತು ಕಟ್ಟದೆ ಹೀಗೇಕೆ ಮುಖವಾಡ ಹಾಕುತ್ತಾರೆ?
– ಓದುಗರು, ಮುಳ್ಳೇರಿಯ

ಉತ್ತರ: ಕೆಡವಿದರೆ ಜಾಗ ಹೋಗುತ್ತದೆ. 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆಯ 220(ಬಿ) ಕಲಮಿನ ಪ್ರಕಾರ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಅಧಿಸೂಚಿತ ರಸ್ತೆಗಳ ಗಡಿಯಿಂದ 3 ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿಲ್ಲ. ಹಳೆ ಅಂಗಡಿಗಳು ರಸ್ತೆಗೆ ಮುಖ ತಾಗಿಸಿಕೊಂಡೇ ಇವೆ. ಮುಂಭಾಗ 4 ಮೀಟರು, ಆಳ 9 ಮೀಟರು ಇರುವ ಕೋಣೆಯಲ್ಲಿ 3 ಮೀಟರು ಬಿಟ್ಟರೆ ಮೂರನೆಯ ಒಂದು ಪಾಲು ಹೋದಂತೆ. ಜತೆಗೆ ಹಳೆ ಬಾಡಿಗೆದಾರರ ವಿಷಯ. 1965ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಪುನಃ ಕಟ್ಟುವುದಕ್ಕಾಗಿ ತೆರವು ಮಾಡಿಸಿದರೆ ಹೊಸ ಕಟ್ಟಡದಲ್ಲಿ ಮೊದಲ ಹಕ್ಕು ಅವರದು. ಈ ಎರಡರ ನಡುವೆ ಸಿಕ್ಕಿದ ಯಜಮಾನ ಅಲ್ಯೂಮಿನಿಯಂ ಶೀಟು ಹೊದಿಸಿ ಸುಮ್ಮನಾಗುತ್ತಾನೆ. ನಾಲ್ಕೈದು ಬೇರೆ ಬೇರೆ ಕಾಲದ ಅಂಗಡಿಗಳು ಒಂದೇ ಗೆರೆಯಲ್ಲಿ ನಿಂತಿವೆ, ನಡುವೆ ಒಂದು ಕಟ್ಟಡ ಮಾತ್ರ ಹತ್ತಡಿ ಹಿಂದೆ ಇದೆ ಎಂದರೆ ನಿಜವಾಗಿ ಹೊಸತು ಆ ಒಂದೇ.

ಶೀಟು ಹೊದಿಸುವಾಗ ಆಗುವ ತಪ್ಪು: ಹಂಚಿನ ಅಂಚಿನಿಂದ ಇಳಿಯುವ ನೀರನ್ನು ಶೀಟಿನ ಹಿಂದೆ ಬಿಟ್ಟುಬಿಡುವುದು. ಮಾಡಿನ ಕೊನೆಗೆ ತಗಡಿನ ದಂಬೆ ಕಟ್ಟಿ ಪೈಪಿಗೆ ಇಳಿಸದಿದ್ದರೆ ಮಾಡನ್ನು ಹೊರುವ ಓರೆ ಮರಗಳ, ಅಂದರೆ ಪಕ್ಕಾಸಿನ ತುದಿಗಳು ಕತ್ತಲಲ್ಲೇ ಕುಂಬಾಗಿ ಕೊಳೆಯುತ್ತವೆ. ಶೀಟು ತೆಗೆಯುವ ತನಕ ಯಾರಿಗೂ ಕಾಣುವುದಿಲ್ಲ, ತೆಗೆದ ದಿನ ಮಾಡೂ ಜತೆಗೆ ಬರುತ್ತದೆ. ಮೇಲೂ ಕೆಳಗೂ ಗಾಳಿಯಾಡುವ ಬಿರುಕು ಬಿಡಿಸಿ, ಮಳೆಗಾಲ ಮುಗಿದ ಮೇಲೆ ಒಂದು ಶೀಟು ಬಿಚ್ಚಿಸಿ ಪಕ್ಕಾಸಿನ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕಾಲಿಂಚಿಗಿಂತ ಹೆಚ್ಚು ಒಳಗೆ ಹೋದರೆ ಆಚಾರಿಯನ್ನು ಕರೆಸಬೇಕು.

*

ಪ್ರಶ್ನೆ: ನಮ್ಮ ಕಟ್ಟಡದ ಹಂಚಿನಲ್ಲಿ ‘ಬಾಸೆಲ್ ಮಿಶನ್ 1865’ ಎಂದು ಅಚ್ಚಿದೆ. ಕಟ್ಟಡಕ್ಕೆ ನೂರೈವತ್ತು ವರ್ಷ ದಾಟಿತೆಂದು ಹೇಳಬಹುದೇ?
– ಓದುಗರು, ಕುಂಬಳೆ

ಉತ್ತರ: ಹೇಳಬಾರದು. 1865 ಎಂಬುದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ಬಳಿಕ ಮಿಶನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆ ಹೆಸರಿನ ಹಂಚಾದರೆ ಅದರ ನಂತರದ್ದು. ಇನ್ನು ಹಂಚು ಊರೂರು ತಿರುಗುವ ವಸ್ತು. ಒಂದು ಮಾಡು ಬಿಚ್ಚಿದರೆ ಗಟ್ಟಿ ಹಂಚು ಇನ್ನೊಂದು ಮಾಡಿಗೆ ಏರುತ್ತದೆ. ರೈಲು 1907ರಲ್ಲಿ ಮಂಗಳೂರು ತಲುಪಿದ ಮೇಲೆ ಈ ಕಡೆ ಹಂಚು ತರುವುದು ಸುಲಭವಾಯಿತು ಎಂಬಷ್ಟನ್ನು ಲೆಕ್ಕಕ್ಕೆ ಹಿಡಿಯಬಹುದು. ಕಟ್ಟಡದ ವಯಸ್ಸಿಗೆ ಹಂಚಿಗಿಂತ ಆಧಾರಪತ್ರ, ಅಂದರೆ ಜಾಗದ ದಸ್ತಾವೇಜು ನೋಡಿ.

ಹಂಚನ್ನು ಕೆಳಗಿಳಿಸಿದಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನಂತೆ ಕಣಿಲೆಂದರೆ ಇಡಿ, ಮಂಕು ಸದ್ದಾದರೆ ಕೂದಲೆಳೆಯ ಬಿರುಕುಂಟು. ಚದರ ಮೀಟರಿಗೆ ಸುಮಾರು 15 ಹಂಚು ಬೇಕು, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ಹಿಡಿಯಿರಿ. ಹಳೆ ಹಂಚು, ಹೊಸ ಹಂಚು ಒಂದೇ ಸಾಲಿನಲ್ಲಿ ಬೆರೆಸಬೇಡಿ. ಅಳತೆಯಲ್ಲಿ ನೂಲಿನಷ್ಟು ವ್ಯತ್ಯಾಸವಿದ್ದರೂ ಕೊಂಡಿ ಕೂರುವುದಿಲ್ಲ, ಗಾಳಿಮಳೆಗೆ ನೀರು ಹಿಂದಕ್ಕೆ ನುಗ್ಗುತ್ತದೆ.

*

ಪ್ರಶ್ನೆ: ಹಲಗೆ ಬಾಗಿಲು ತೆಗೆದು ಶಟರು ಹಾಕಿಸಬೇಕೆಂದು ಮಕ್ಕಳು ಹೇಳುತ್ತಿದ್ದಾರೆ. ಯಾವುದು ಒಳ್ಳೆಯದು?
– ಓದುಗರು, ಮಂಜೇಶ್ವರ

ಉತ್ತರ: ದಿನಕ್ಕೆ ನಾಲ್ಕು ಸಲ ತೆಗೆದು ಹಾಕುವ ಅಂಗಡಿಗೆ ಶಟರು. ಬೆಳಗ್ಗೆ ತೆರೆದು ರಾತ್ರಿ ಮುಚ್ಚುವ, ಬಾಗಿಲಿನ ಚೌಕಟ್ಟು ಗಟ್ಟಿಯಿರುವ ಅಂಗಡಿಗೆ ಹಲಗೆಯೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಹಲಗೆಗಳು ಒಂದೊಂದಾಗಿ ಮೇಲಿನ, ಕೆಳಗಿನ ಕೊರೆಯಲ್ಲಿ ಸರಿದು ಕೂರುತ್ತವೆ. ಕೊನೆಯ ಹಲಗೆಗೆ ಅಡ್ಡಪಟ್ಟಿ ಮತ್ತು ಬೀಗ. ಎಲ್ಲ ಒಂದೇ ತರ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಬಾರದು. ಅದಕ್ಕೆ ಆಚಾರಿಗಳು ಒಳಮೈಯಲ್ಲಿ ಉಳಿಯಿಂದ ಒಂದು ಗೀಟು, ಎರಡು ಗೀಟು ಎಂದು ಗುರುತು ಹಾಕಿರುತ್ತಾರೆ. ಬಣ್ಣ ಹೊಡೆಸುವಾಗ ಆ ಗೀಟು ಮುಚ್ಚಿಹೋದರೆ ಮರುದಿನ ಬೆಳಗ್ಗೆ ಅಂಗಡಿ ಮುಂದೆ ಸರ್ಕಸ್ಸು. ಆಟಿ ತಿಂಗಳ ಮಳೆಯಲ್ಲಿ ಹಲಗೆ ಉಬ್ಬಿ ಸಿಕ್ಕಿಕೊಳ್ಳುತ್ತದೆಂದು ಆಗಲೇ ಕೀಸಿದರೆ ಬೇಸಗೆಯಲ್ಲಿ ಬೆರಳು ತೂರುವಷ್ಟು ಸಂದಾಗುತ್ತದೆ. ಮೇಣ ಉಜ್ಜಿ ತಿಂಗಳೆರಡು ತಿಂಗಳು ಸುಧಾರಿಸಿ. ಹಾಳಾಗುವುದು ಮೊದಲು ಕೆಳಗಿನ ಕೊರೆ, ಕಾರಣ ಮತ್ತದೇ, ರಸ್ತೆಯ ನೀರು. ಆ ಒಂದು ಮರವನ್ನು ಮಾತ್ರ ಬೋಗಿಯಲ್ಲೋ ಹಲಸಿನ ಕೆಚ್ಚಿನಲ್ಲೋ ಬದಲಿಸಿ, ಕೊರೆಯಲ್ಲಿ ಎರಡಡಿಗೊಂದು ತೂತು ಹೊರಮುಖಕ್ಕೆ ಕೊರೆಸಿದರೆ ನೀರು ನಿಲ್ಲದು.

ಶಟರೇ ಆದರೆ 10 ಚದರ ಮೀಟರಿನ ತನಕ ಕೈಯಿಂದ ಎತ್ತುವಂಥದ್ದು ಸಾಕು. ಅದಕ್ಕಿಂತ ದೊಡ್ಡದಕ್ಕೆ ಸರಪಳಿ ಗೇರು ಬೇಕು. ಕಡಲ ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಕೆಳಪಟ್ಟಿ ಮತ್ತು ಬದಿಯ ಚಾನೆಲಿನ ಬುಡ. ಚಾನೆಲಿಗೆ ದಪ್ಪ ಗ್ರೀಸು ಮೆತ್ತಬೇಡಿ, ರಸ್ತೆಯ ಧೂಳು ಸೇರಿ ಅರದಂತಾಗುತ್ತದೆ. ತೆಳು ಎಣ್ಣೆಯ ಬಟ್ಟೆಯಿಂದ ಒರೆಸಿದರೆ ಸಾಕು. ಎತ್ತಲು ಭಾರವಾಯಿತೆಂದರೆ ಮೇಲಿನ ಸ್ಪ್ರಿಂಗು ಸಡಿಲಾಗಿದೆ. ಅದನ್ನು ಬಿಗಿಮಾಡುವುದು ಕಸುಬಿನವರ ಕೆಲಸ, ಬಿಚ್ಚಿಕೊಂಡ ಸ್ಪ್ರಿಂಗು ಕೈ ಮುರಿಯುತ್ತದೆ.

*

ಪ್ರಶ್ನೆ: ಅಜ್ಜನ ಕಾಲದ ಜಾಗದ ಆಧಾರ (ದಸ್ತಾವೇಜು) ಕನ್ನಡದಲ್ಲಿದೆ. ಮೂಲಗೇಣಿ, ವರ್ಗ, ಚಕ್ಕುಬಂದಿ ಎಂದೆಲ್ಲ ಬರೆದಿದೆ. ಈಗಿನ ದಾಖಲೆಗೆ ಇದನ್ನು ಹೊಂದಿಸುವುದು ಹೇಗೆ?
– ಓದುಗರು, ನೀರ್ಚಾಲು

ಉತ್ತರ: ವರ್ಗ ಎಂದರೆ ಸರಕಾರಕ್ಕೆ ನೇರ ಕಂದಾಯ ಕಟ್ಟುವವನ ಹಿಡುವಳಿ. ಮೂಲಗೇಣಿ ಎಂದರೆ ವಂಶಪಾರಂಪರ್ಯವಾಗಿ ನಡೆಯುವ ಕಾಯಂ ಗೇಣಿ. ಚಾಲಗೇಣಿ ವರ್ಷವರ್ಷದ್ದು. ಇವೆಲ್ಲ ಹಳೆ ದಕ್ಷಿಣ ಕನ್ನಡ ಜಿಲ್ಲೆಯ ಮಾತುಗಳು, ಕಣ್ಣೂರಿನ ಕಡೆಯ ಗುಮಾಸ್ತರಿಗೆ ಹೊಸತು, ವಿವರಿಸಿ ಹೇಳಬೇಕಾದೀತು.

ಚಕ್ಕುಬಂದಿಯನ್ನು ಹೆಚ್ಚಿನವರು ಓದದೆ ಮಡಚಿಡುತ್ತಾರೆ. ಆದರೆ ಬೀದಿಯ ಚರಿತ್ರೆ ಇರುವುದು ಅಲ್ಲೇ. ಮೂಡು, ತೆಂಕು, ಪಡು, ಬಡಗು ನಾಲ್ಕು ದಿಕ್ಕಿಗೆ ಏನಿತ್ತೆಂದು ಅಲ್ಲಿ ಬರೆದಿರುತ್ತದೆ: ಇಂಥವರ ಅಂಗಡಿ, ಸರಕಾರಿ ಓಣಿ, ನೀರು ಹೋಗುವ ತೋಡು, ತೆಂಗಿನ ಹಿತ್ತಿಲು. ಒಂದೇ ಜಾಗದ ಮೂರು ನಾಲ್ಕು ಆಧಾರಗಳನ್ನು ಕಾಲಕ್ರಮದಲ್ಲಿಟ್ಟು ಪಡುದಿಕ್ಕಿನ ಸಾಲುಗಳನ್ನಷ್ಟೇ ಒಂದರ ಕೆಳಗೊಂದು ಬರೆದು ನೋಡಿ. ‘ತೋಡು’ ಇದ್ದದ್ದು ‘ಚರಂಡಿ’ಯಾಗಿ, ಆಮೇಲೆ ‘ರಸ್ತೆ’ಯಾಗಿರುತ್ತದೆ. ಅಂಗಡಿಗೆ ನೀರು ಬರುವುದೇಕೆಂದು ಕೇಳಿದ ಓದುಗರೂ ತಮ್ಮ ಚಕ್ಕುಬಂದಿ ಒಮ್ಮೆ ನೋಡಬೇಕು.

ಹುಡುಕುವ ಕ್ರಮ ಹಿಂದಕ್ಕೆ. ಈಗಿನ ಆಧಾರದಲ್ಲಿ ಅದರ ಹಿಂದಿನ ದಸ್ತಾವೇಜಿನ ನಂಬ್ರ ಮತ್ತು ವರ್ಷ ಇರುತ್ತದೆ. ಅದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ದೃಢೀಕೃತ ನಕಲು ಪಡೆಯಿರಿ. ಆ ನಕಲಿನಲ್ಲಿ ಇನ್ನೂ ಹಿಂದಿನದರ ನಂಬ್ರ ಸಿಗುತ್ತದೆ. ಹೆಸರು ಹೇಳಿ ಹುಡುಕಿಸಿದರೆ ಸಿಗುವುದು ಅಪರೂಪ. ನಂಬ್ರ ಮತ್ತು ವರ್ಷ ಬೇಕು. ಸರ್ವೆ ನಂಬರು ಹಳೆಯದೋ ರೀಸರ್ವೆಯದೋ ಎಂದು ವಿಲೇಜು ಆಫೀಸಿನಲ್ಲಿ ಖಚಿತಪಡಿಸಿಕೊಳ್ಳಿ. ಒಂದೇ ಅಂಕಿ ಎರಡರಲ್ಲೂ ಇದ್ದು ಬೇರೆ ಬೇರೆ ಜಾಗವಾಗಿರುವುದುಂಟು.

ಅಳತೆಯಲ್ಲಿ ಜಾಗ್ರತೆ. ಹಳೆಯದರಲ್ಲಿ ಎಕ್ರೆ, ಸೆಂಟ್ಸು. ಹೊಸದರಲ್ಲಿ ಹೆಕ್ಟೇರು, ಆರ್. ಒಂದು ಎಕ್ರೆಗೆ 100 ಸೆಂಟ್ಸು, ಒಂದು ಸೆಂಟಿಗೆ 435.6 ಚದರ ಅಡಿ, ಒಂದು ಆರ್‌ಗೆ 2.47 ಸೆಂಟ್ಸು. ಹೊಸ ಕಾಗದದಲ್ಲಿ 0.0243 ಹೆಕ್ಟೇರು ಎಂದಿದ್ದರೆ ಅದು 2.43 ಆರ್, ಅಂದರೆ ಆರು ಸೆಂಟ್ಸು. ಸೊನ್ನೆಗಳನ್ನು ಕಂಡು ಗಾಬರಿಯಾಗಿ ಜಾಗ ಕರಗಿತೆಂದು ವಕೀಲರ ಹತ್ತಿರ ಓಡಬೇಡಿ. ಗೇಣಿ ಅಕ್ಕಿಮುಡಿಯಲ್ಲಿ ಬರೆದಿದ್ದರೆ: 14 ಸೇರು ಒಂದು ಕಳಸೆ, 3 ಕಳಸೆ ಒಂದು ಮುಡಿ, ಅಲ್ಲಿಗೆ 42 ಸೇರು.

*

ಪ್ರಶ್ನೆ: ಈ ವಿಷಯಗಳಿಗೆಲ್ಲ ಕನ್ನಡದಲ್ಲೇ ಅರ್ಜಿ ಬರೆಯಬಹುದೇ?
– ಓದುಗರು, ಪೆರ್ಲ

ಉತ್ತರ: ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟು, ಇಲಾಖಾ ಮುಖ್ಯಸ್ಥರು ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿಯ ತಲೆಯಲ್ಲೇ ಕಾಯ್ದೆಯ ಹೆಸರು, ವರ್ಷ ನಮೂದಿಸಿ, ಸರ್ವೆ ನಂಬರನ್ನು ಅಂಕಿಯಲ್ಲಿ ದೊಡ್ಡದಾಗಿ ಬರೆಯಿರಿ. ಸ್ವೀಕೃತಿ ಪಡೆಯದೆ ಹೊರಬರಬೇಡಿ.

*

ಪ್ರಶ್ನೆ: ಮೂರು ಭಾಷೆಯ ಬೋರ್ಡು ಮಾಡಿಸಿದೆವು. ಕನ್ನಡದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮೊದಲಿನ ಬೋರ್ಡುಗಳಲ್ಲಿ ಹೀಗಿರಲಿಲ್ಲ.
– ಓದುಗರು, ಉಪ್ಪಳ

ಉತ್ತರ: ಮೊದಲು ಬರೆಯುತ್ತಿದ್ದವರಿಗೆ ಕನ್ನಡ ಓದಲು ಬರುತ್ತಿತ್ತು. ಈಗ ನೀವು ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಅಕ್ಷರವನ್ನು ಡಿಸೈನಿನವರು ಹಳೆ ತಂತ್ರಾಂಶಕ್ಕೆ ಅಂಟಿಸುತ್ತಾರೆ, ಅದು ಒತ್ತನ್ನು ಬಿಡಿಸಿ ಪಕ್ಕದಲ್ಲಿ ನಿಲ್ಲಿಸುತ್ತದೆ. ‘ಸ್ಟೋರ್ಸ್’ ಇದ್ದದ್ದು ಆರು ತುಂಡಾಗುತ್ತದೆ. ನೀವೇ ಸರಿಯಾಗಿ ಟೈಪು ಮಾಡಿ, ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿದ ಪಿಡಿಎಫ್ ಕೊಡಿ. ಅಚ್ಚಿಗೆ ಹೋಗುವ ಮೊದಲು ಒಂದು ಎ4 ಹಾಳೆಯಲ್ಲಿ ತೆಗೆಸಿ, ಕನ್ನಡ ಬಲ್ಲವರು ಅದಕ್ಕೆ ಸಹಿ ಹಾಕಲಿ.

ಇನ್ನೊಂದು ತಪ್ಪು ಎತ್ತರದ್ದು. ಮೂರು ಭಾಷೆಗೂ ಸಮಪಾಲು ಎಂದು ಬೋರ್ಡನ್ನು ಮೂರು ಪಟ್ಟಿ ಮಾಡಿದರೆ ಇಂಗ್ಲಿಷಿನ ದೊಡ್ಡಕ್ಷರ ಪಟ್ಟಿ ತುಂಬಾ ನಿಲ್ಲುತ್ತದೆ, ಕನ್ನಡ ಮಾತ್ರ ಮೇಲೆ ಗುಡಿಸು, ಕೆಳಗೆ ಒತ್ತು ಸೇರಿಸಿಕೊಳ್ಳಲು ಕುಗ್ಗಬೇಕಾಗುತ್ತದೆ. ಕನ್ನಡದ ಪಟ್ಟಿಗೆ ಒಂದೂವರೆ ಪಾಲು ಎತ್ತರ ಕೊಟ್ಟರೆ ಕಣ್ಣಿಗೆ ಮೂರೂ ಸಮ ಕಾಣುತ್ತವೆ. ದೂರದಿಂದ ಓದಿಸುವುದಕ್ಕೆ ಹತ್ತಡಿಗೆ ಒಂದಿಂಚು ಅಕ್ಷರ ಎಂಬ ಲೆಕ್ಕ ಸಾಕು, ರಸ್ತೆಯ ಆಚೆ ಬದಿ 40 ಅಡಿ ಇದ್ದರೆ 4 ಇಂಚು, ಒತ್ತು ಬಿಟ್ಟು. ಪಿ.ವಿ.ಸಿ. ಫ್ಲೆಕ್ಸನ್ನು ಕೇರಳ 2019ರಲ್ಲೇ ನಿಷೇಧಿಸಿದೆ. ಬಟ್ಟೆಯದು ಎರಡು ಬೇಸಗೆಗೆ ಬಿಳಚುತ್ತದೆ. ಜಿಂಕ್ ತಗಡು, ಪ್ರೈಮರ್ ಒಂದು ಕೈ, ಎನಾಮೆಲ್ ಎರಡು ಕೈ, ಮೇಲೆ ಕುಂಚದ ಬರಹ: ಬರೆಯುವವರು ಸಿಕ್ಕಿದರೆ ಬಿಡಬೇಡಿ.

*

ಪ್ರಶ್ನೆ: ಹಳೆ ಬಸ್‌ ನಿಲ್ದಾಣದ ಸುತ್ತಿನ ವ್ಯಾಪಾರ ಇಳಿಯಲು ಮೇಲ್ಸೇತುವೆ ಕಾರಣವೇ?
– ಓದುಗರು, ಚೆರ್ಕಳ

ಉತ್ತರ: ಅದು ತೀರಾ ಇತ್ತೀಚಿನದು. ಪೇಟೆ ಮೂಡಕ್ಕೆ ಸರಿಯಲು ತೊಡಗಿ ದಶಕಗಳಾದವು. ಸರಕಾರಿ ಕಾಲೇಜು 1957ರಲ್ಲಿ ಶುರುವಾಯಿತು, 1984ರಲ್ಲಿ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಗಳೂ ವಿದ್ಯಾನಗರದ ಕಡೆ ಹೋದವು. ಹೆದ್ದಾರಿಯ ಬದಿಯಲ್ಲಿ ಹೊಸ ಬಸ್‌ ನಿಲ್ದಾಣವಾದಾಗ ಹೊರಊರಿನವರು ಇಳಿಯುವ ಜಾಗವೇ ಬದಲಾಯಿತು. ಹಳೆ ನಿಲ್ದಾಣದ ಕಡೆ ಉಳಿದದ್ದು ರೈಲಿನವರು, ಚಂದ್ರಗಿರಿ ಸೇತುವೆಯ ದಾರಿಯವರು, ಕಾಯಂ ಗಿರಾಕಿಗಳು. ತಲಪಾಡಿ–ಚೆಂಗಳ ನಡುವಿನ 39 ಕಿ.ಮೀ. ಹೆದ್ದಾರಿ ಆರು ಪಥವಾಗಿ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿ ಕಡೆಗೆ ಒಂಟಿಸಾಲು ಕಂಬಗಳ ಮೇಲೆ ಸೇತುವೆ ಬಂದ ಮೇಲೆ ಪೆಟ್ಟು ಬಿದ್ದದ್ದು ಹೊಸ ನಿಲ್ದಾಣದ ಬದಿಯವರಿಗೆ. ಮೇಲಿಂದ ಹೋಗುವವನು ಚಹಾಕ್ಕೆ ಇಳಿಯುವುದಿಲ್ಲ.

*

ಪ್ರಶ್ನೆ: ಹಳೆ ಫೋಟೋ ತೆಗೆದ ಜಾಗದಲ್ಲೇ ನಿಂತು ಈಗಿನ ಫೋಟೋ ತೆಗೆಯಬೇಕೆಂದಿದೆ. ಎಷ್ಟು ಪ್ರಯತ್ನಿಸಿದರೂ ಎರಡೂ ಹೊಂದುವುದಿಲ್ಲ.
– ಓದುಗರು, ಕಾಸರಗೋಡು

ಉತ್ತರ: ಕಟ್ಟಡವೊಂದನ್ನು ಗುರಿ ಇಟ್ಟುಕೊಂಡರೆ ಹೊಂದದು. ಹಳೆ ಚಿತ್ರದಲ್ಲಿ ಒಂದರ ಮೇಲೊಂದು ಬಿದ್ದಿರುವ ಹತ್ತಿರದ ಮೂಲೆ, ದೂರದ ಮಾಡಿನ ತುದಿ ಇಂಥ ಒಂದು ಜೋಡಿ ಹುಡುಕಿ. ಅವೆರಡೂ ಒಂದೇ ಗೆರೆಗೆ ಬರುವ ತನಕ ಎಡಬಲ ಸರಿಯಿರಿ. ಚಿತ್ರದ ಇನ್ನೊಂದು ಬದಿಯಲ್ಲಿ ಅಂಥದೇ ಎರಡನೆಯ ಜೋಡಿ ಹಿಡಿದು ಹಿಂದೆ ಮುಂದೆ ಸರಿಯಿರಿ. ಎರಡೂ ಗೆರೆ ಕೂಡುವ ಜಾಗವೇ ಆ ಜಾಗ; ಈಗ ಅಲ್ಲಿ ಡಿವೈಡರು ಇದ್ದರೆ ಭಾನುವಾರ ಬೆಳಗ್ಗೆ ಆರೂವರೆಗೆ ಹೋಗಿ. ಮೊಬೈಲಿನ ಅಗಲ ಲೆನ್ಸು ಬೇಡ, ಎರಡು ಪಟ್ಟು ಎಂದಿರುವುದನ್ನು ಬಳಸಿ, ಹಳೆ ಕ್ಯಾಮರಾದ ನೋಟಕ್ಕೆ ಅದು ಹತ್ತಿರ. ಅಷ್ಟಾಗಿಯೂ ಅಂಗಡಿಗಳು ಗಿಡ್ಡ ಕಂಡರೆ ಕ್ಯಾಮರಾವನ್ನು ಎದೆಮಟ್ಟದಿಂದ ಸೊಂಟಕ್ಕೆ, ಬೇಕಾದರೆ ಇನ್ನೂ ಒಂದು ಗೇಣು ಕೆಳಗೆ ಇಳಿಸಿ. ಅಂದು ಫೋಟೋ ತೆಗೆದವರು ನಿಂತಿದ್ದ ರಸ್ತೆ ಈಗ ನಿಮ್ಮ ಕಾಲಡಿಯಲ್ಲಿ ಅಷ್ಟು ಆಳದಲ್ಲಿದೆ.